ಸೋತ ಆಟಕ್ಕೂ ಒಂದು ಹಾಳೆ: ವಿಜಯನಗರದಿಂದ ಕೆಂಗೇರಿಗೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ನಡೆಯುವಾಗ ಸ್ವಲ್ಪ ತಲೆ ಎತ್ತಿ ನೋಡಿ. ಮೊದಲ ಮಹಡಿಯ ಕಿಟಕಿಗಳ ಮೇಲೆ ಸಂಗೀತ, ಭರತನಾಟ್ಯ, ಅಬಾಕಸ್ ಬೋರ್ಡ್‌ಗಳ ಪಕ್ಕ ‘ಚೆಸ್ ಕ್ಲಾಸ್’ ಅನ್ನೋದೂ ಇರುತ್ತೆ. ಅಲ್ಲಿ ಕಲಿತ ಮಕ್ಕಳು ರಜಾ ದಿನ ಯಾವುದೋ ಶಾಲೆಯ ಹಾಲ್‌ನಲ್ಲಿ, ಕಲ್ಯಾಣ ಮಂಟಪದಲ್ಲಿ ಸಾಲಾಗಿ ಕೂತು ಆಡ್ತಾರೆ. ಒಳಗೆ ಪಿನ್ ಬಿದ್ದರೂ ಕೇಳಿಸುವಷ್ಟು ಮೌನ, ಹೊರಗೆ ಅಪ್ಪ-ಅಮ್ಮಂದಿರ ಪಿಸುಮಾತು.

ನನ್ನ ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವರ ಮನೆ ಕೆಂಗೇರಿಯಲ್ಲಿ. ಹಿಂದಿನ ರಾತ್ರಿ ರಾಜಾಜಿನಗರದ ನಮ್ಮ ಮನೆಯಲ್ಲೇ ಮಲಗಿದ್ದ. ಬೆಳಿಗ್ಗೆ ವಿಜಯನಗರಕ್ಕೆ ಹೊರಟೆವು. ಮೆಟ್ರೊದಲ್ಲಿ ಹೋದರೆ ಮೆಜೆಸ್ಟಿಕ್‌ವರೆಗೂ ಸುತ್ತಿ, ಹಸಿರು ಮಾರ್ಗ ಬಿಟ್ಟು ನೇರಳೆ ಹತ್ತಬೇಕು. ಅದಕ್ಕೆ ಆಟೊ ಹಿಡಿದೆವು. ದಾರಿಯುದ್ದಕ್ಕೂ ಅವನು ನೋಡಿಕೊಂಡಿದ್ದು ಒಂದೇ, ಜೇಬಲ್ಲಿ ಎರಡು ಪೆನ್ನು ಇದೆಯಾ ಅಂತ.

ಚದುರಂಗಕ್ಕೆ ಪೆನ್ನು ಯಾಕೆ? ಮೊಬೈಲ್‌ನಲ್ಲಿ ಆಡುವ ನಮಗೆ ಇದು ಗೊತ್ತೇ ಆಗಲ್ಲ, ಪ್ರತಿ ನಡೆಯನ್ನೂ ಆ್ಯಪ್ ತಾನೇ ಬರೆದಿಟ್ಟುಕೊಳ್ಳುತ್ತೆ. ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಸಮಯದ ರ‍್ಯಾಪಿಡ್ ಆಟದಲ್ಲೂ ಬರೆಯುವ ಕಡ್ಡಾಯ ಇಲ್ಲ. ಆದರೆ ಇದು ಕ್ಲಾಸಿಕಲ್. ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡ್. ಇಲ್ಲಿ ತನ್ನ ನಡೆ, ಎದುರಾಳಿಯ ನಡೆ ಎರಡನ್ನೂ ಕೊನೇವರೆಗೆ ಕೈಯಲ್ಲೇ ಬರೀಬೇಕು. ಆಡುವ ಮೊದಲೇ ಬರೆದಿಡುವ ಹಾಗಿಲ್ಲ. ಹಾಳೆ ಆರ್ಬಿಟರ್ ಕಣ್ಣಿಗೆ ಕಾಣ್ತಾ ಇರಬೇಕು.

ಬರೆಯೋ ಕ್ರಮ ರಾಜಾಜಿನಗರದ ವಿಳಾಸದಷ್ಟೇ ಸುಲಭ. ಮೇನ್‌ಗೆ ಅಕ್ಷರ, ಕ್ರಾಸ್‌ಗೆ ಸಂಖ್ಯೆ ಅಂದ್ಕೊಳ್ಳಿ. ‘ಎ’ಯಿಂದ ‘ಎಚ್’ವರೆಗೆ ಎಂಟು ಕಂಬಸಾಲು, 1ರಿಂದ 8ರವರೆಗೆ ಅಡ್ಡಸಾಲು, ಒಟ್ಟು 64 ಮನೆ. ‘ಇ4’ ಅಂದ್ರೆ ಕಾಲಾಳು ಆ ಮನೆಗೆ ಹೋಯ್ತು ಅಂತ. ಕುದುರೆಗೆ ಮಾತ್ರ ‘ಎನ್’. ಇಂಗ್ಲಿಷಿನ ‘ನೈಟ್’ ಶುರುವಾಗೋದು ‘ಕೆ’ಯಿಂದಲೇ, ಆದರೆ ಆ ಅಕ್ಷರ ಆಗಲೇ ರಾಜನ ಪಾಲಾಗಿದೆ!

ಮೊದಲ ಆಟದಲ್ಲಿ ಅವನ ಎದುರಿಗೆ ನಿವೃತ್ತರೊಬ್ಬರು ಕೂತಿದ್ದರು. ಪೋಷಕರನ್ನು ಒಳಗೆ ಬಿಡಲ್ಲ. ಬಾಗಿಲ ಗಾಜಿನಿಂದ ನಾನು ಇಣುಕುತ್ತಿದ್ದೆ. ಸುಮಾರು ಎರಡೂವರೆ ಗಂಟೆಯಾದ ಮೇಲೆ ಇವನು ಹಾಳೆಯಲ್ಲಿ ಏನೋ ಬರೆದ, ಕಾಯಿ ಮುಟ್ಟಲಿಲ್ಲ, ಗಡಿಯಾರ ನಿಲ್ಲಿಸಿ ಕೈ ಎತ್ತಿದ. ಆರ್ಬಿಟರ್ ಬಂದರು. ಎರಡು ಕಾಲಾಳು ಕಡಿಮೆಯಿದ್ದ ಇವನು ಮಂತ್ರಿಯಿಂದ ಚೆಕ್ ಮೇಲೆ ಚೆಕ್ ಕೊಟ್ಟು ಜೀವ ಹಿಡಿದುಕೊಂಡಿದ್ದನಂತೆ. ಅದೇ ಸ್ಥಿತಿ, ಆಡುವ ಸರದಿಯೂ ಅದೇ ಆಟಗಾರನದಾಗಿ, ಮೂರನೇ ಸಲ ಬಂದರೆ ಡ್ರಾ ಕೇಳಬಹುದು. ಮುಂದಿನ ನಡೆಯಿಂದ ಆ ಸ್ಥಿತಿ ಬರುತ್ತೆ ಅನ್ನೋದಾದರೆ, ಆ ನಡೆಯನ್ನು ಆಡದೆ, ಮೊದಲು ಬರೆದು ಆರ್ಬಿಟರ್‌ಗೆ ಹೇಳಬೇಕು. ಮುಂಚೆ ಬರೆಯಬಾರದು ಅನ್ನೋ ನಿಯಮಕ್ಕೆ ಇರುವ ವಿನಾಯಿತಿ ಅದು. ಲೆಕ್ಕ ತಪ್ಪಿದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತೆ, ಆಟ ಮುಂದುವರಿಯುತ್ತೆ.

“ಎರಡೇ ಸಲ ಆಯ್ತು ಅಂದ್ಕೊಂಡಿದ್ದೆ ಕಣಪ್ಪ,” ಅಂದರಂತೆ ಅವರು.

“ಮೂರು ಅಂಕಲ್, ಬರ್ದಿದೀನಿ ನೋಡಿ.”

ಆರ್ಬಿಟರ್ ಹಾಳೆ ನೋಡಿಕೊಂಡು ಬೇರೆ ಬೋರ್ಡ್‌ನಲ್ಲಿ ನಡೆಗಳನ್ನು ಇಟ್ಟು ನೋಡಿದರು. ಮೂರು ಸರಿಯಿತ್ತು. ಅರ್ಧ ಅಂಕ ಸಿಕ್ಕಿತು. ಆ ಹಿರಿಯರು ಹೊರಗೆ ಬಂದು ಇವನ ಬೆನ್ನು ತಟ್ಟಿ, “ಪೆನ್ನು ಬಿಡಬೇಡ ಮರಿ” ಅಂದು ಹೋದರು.

ಮಧ್ಯಾಹ್ನದ ಆಟ ಸೋತ. ಮುಖ ಇಳಿಬಿಟ್ಟುಕೊಂಡು ಬಂದ. “ಮಾಮ, ಸೋತಿದ್ದನ್ನೂ ಯಾಕೆ ಪೂರ್ತಿ ಬರೀಬೇಕು? ಅದರ ಕೆಳಗೆ ಸೈನ್ ಬೇರೆ ಹಾಕ್ಬೇಕು. ನಂಗೆ ಚೆಸ್ ಬರಲ್ಲ, ಕ್ಲಾಸ್ ಬಿಟ್ಬಿಡ್ತೀನಿ.” ಬೇಕರಿಯಲ್ಲಿ ಖಾರಾ ಬನ್ ಕೊಡಿಸಿದೆ, ಒಂದು ಮಾತೂ ಆಡಲಿಲ್ಲ.

2021ರಲ್ಲಿ ಕೆಂಗೇರಿವರೆಗೆ ಬಂದ ನೇರಳೆ ಮಾರ್ಗದಲ್ಲಿ ವಾಪಸ್ ಹೊರಟೆವು. ಹಾಳೆಯ ಮೂಲ ಪ್ರತಿ ಆಯೋಜಕರದು. ಕಾರ್ಬನ್ ಪ್ರತಿ ಅವನ ಜೇಬಲ್ಲಿತ್ತು. ಅತ್ತಿಗುಪ್ಪೆ ದಾಟುವಾಗ ಅದನ್ನು ಇಸ್ಕೊಂಡು, ನನ್ನ ಫೋನಿನ ಬೋರ್ಡ್‌ನಲ್ಲಿ ಒಂದೊಂದೇ ನಡೆ ಇಡ್ತಾ ಬಂದೆ. ರಾಜರಾಜೇಶ್ವರಿ ನಗರ ಬರೋ ಹೊತ್ತಿಗೆ ಅವನೇ ಫೋನ್ ಕಿತ್ಕೊಂಡಿದ್ದ. ಆನೆ ಕಳೆದುಕೊಂಡ ಕೊನೆಯ ನಡೆಯಿಂದ ಸೋತೆ ಅಂತ ಅವನ ಲೆಕ್ಕ. ಹಾಳೆ ಹೇಳಿದ್ದೇ ಬೇರೆ: 19ನೇ ನಡೆಯಲ್ಲಿ ಸುಮ್ಮನೆ ತಳ್ಳಿದ ಒಂದು ಕಾಲಾಳು. ಅಲ್ಲಿಯವರೆಗೆ ಆಟ ಸಮ. “ಹಾಗಾದ್ರೆ 18 ನಡೆ ಚೆನ್ನಾಗೇ ಆಡಿದೀನಿ,” ಅಂದ. ಜ್ಞಾನಭಾರತಿ ದಾಟುವಾಗ ಆ ಕಾಲಾಳಿನ ಬದಲು ಕುದುರೆ ಆಡಿ ನೋಡ್ತಿದ್ದ. ಕ್ಲಾಸ್ ಬಿಡೋ ಮಾತು ಮತ್ತೆ ಬರಲಿಲ್ಲ.

ಕೆಂಗೇರಿಯಿಂದ ಇದೇ ರಸ್ತೆ ಮೈಸೂರಿಗೆ ಹೋಗುತ್ತೆ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರ್ ಅವರ ಊರು ಅದು. ಚದುರಂಗದ ಕುದುರೆ 64 ಮನೆಗಳನ್ನೂ, ಒಂದೊಂದನ್ನು ಒಂದೇ ಸಲ ಮೆಟ್ಟಿ ಸುತ್ತುವ ದಾರಿಗಳನ್ನು ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಳಿದ ಊರೂ ಅದೇ. ಮನೆಮನೆಗೆ ಸಂಖ್ಯೆ ಬರೆದರೆ ಕುದುರೆಯ ದಾರಿ ಕಾಗದದ ಮೇಲೆ ಉಳಿಯುತ್ತೆ. ಅರಸರು ತೀರಿಕೊಂಡಿದ್ದು 1868ರಲ್ಲಿ. ಅಂಥ ಸುತ್ತನ್ನು ಈಗಲೂ ಮನೆಯಿಂದ ಮನೆಗೆ ಬೆರಳಿಟ್ಟು ಸರಿನೋಡಬಹುದು.

ನಿಮ್ಮ ಮನೆಯಲ್ಲೂ ಆಡುವ ಮಗು ಇದ್ದರೆ, ಈ ವಾರ ಬೋರ್ಡ್ ಪಕ್ಕ ಒಂದು ನೋಟ್‌ಬುಕ್ ಇಡಿ. ಗೆದ್ದ ಆಟ ಹೇಗೂ ನೆನಪಿರುತ್ತೆ, ಸೋತ ಆಟವನ್ನು ಮೊದಲು ಬರೆಸಿ.