ಮುಂದಿನ ವಾರದ ತನಕ

ನನ್ನ ಕಪಾಟಿನಲ್ಲಿ 1936ರ ‘ಫ್ಲ್ಯಾಶ್ ಗಾರ್ಡನ್’ ಡಿವಿಡಿ ಇದೆ. ಒಟ್ಟು 13 ಕಂತು. ಆ ಕಾಲದ ಅಮೆರಿಕದಲ್ಲಿ ಇಂಥ ಧಾರಾವಾಹಿ ಚಿತ್ರಗಳನ್ನು ಟಾಕೀಸಿನಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸುತ್ತಿದ್ದರು. ನಾಯಕ ಇನ್ನೇನು ಸತ್ತ ಅನ್ನುವಾಗ ಕಂತು ಮುಗಿಯುತ್ತಿತ್ತು.

ನಾನು ಮೊದಲ ಸಲ ಒಂದೇ ರಾತ್ರಿ ಅಷ್ಟನ್ನೂ ನೋಡಿ ಕೆಟ್ಟೆ. ಈ ಧಾರಾವಾಹಿಗಳದ್ದೊಂದು ಹಳೇ ಮೋಸವಿದೆ: ಕಾರು ಪ್ರಪಾತಕ್ಕೆ ಉರುಳಿದ್ದನ್ನು ಕಣ್ಣಾರೆ ಕಂಡಿರುತ್ತೇವೆ, ಮುಂದಿನ ಕಂತಿನಲ್ಲಿ ನೋಡಿದರೆ ನಾಯಕ ಅದಕ್ಕೂ ಮೊದಲೇ ಹೊರಗೆ ಹಾರಿರುತ್ತಾನೆ! ವಾರವಿಡೀ ಕಾದ ಹುಡುಗರು ಬದುಕಿದನಲ್ಲ ಎಂದು ಕ್ಷಮಿಸುತ್ತಿದ್ದರೇನೋ. ಅರೆನಿಮಿಷವೂ ಕಾಯದ ನನಗೆ ಸಿಟ್ಟು ಬಂತು. ಈಗ ಭಾನುವಾರಕ್ಕೆ ಒಂದೇ ಕಂತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಇದಕ್ಕಿಂತ ಎರಡೇ ವರ್ಷ ಹಿರಿಯದು, 1934ರದ್ದು. ಅದರ ಪ್ರತಿ ಉಳಿದಿಲ್ಲ. ಉಳಿಸಿಕೊಳ್ಳಲಿಲ್ಲವಲ್ಲ ಎಂದು ಹಿಂದಿನವರನ್ನು ಬೈಯಲು ನನಗೆ ಬಾಯಿಲ್ಲ. ಅಪ್ಪ ದೂರದರ್ಶನದಿಂದ ರೆಕಾರ್ಡ್ ಮಾಡಿಟ್ಟಿದ್ದ ಹಳೇ ಕನ್ನಡ ಚಿತ್ರಗಳ ಕ್ಯಾಸೆಟ್ಟುಗಳಿಗೆ ಒಂದು ಮಳೆಗಾಲ ಬೂಷ್ಟು ಹಿಡಿದಾಗ, ಪೆಟ್ಟಿಗೆ ಸಮೇತ ಗುಜರಿಯವನಿಗೆ ಕೊಟ್ಟವನು ನಾನೇ. ಯಾವ್ಯಾವ ಚಿತ್ರಗಳಿದ್ದವೆಂದು ಲೇಬಲ್ ಕೂಡ ಓದಲಿಲ್ಲ.

ಆಮೇಲೆ ಅಪ್ಪ ಎರಡು ಸಲ ಕೇಳಿದ್ದರು, “ಆ ಪೆಟ್ಟಿಗೆ ಎಲ್ಲಿಟ್ಟೆಯೋ?” ಅಂತ. “ಅಟ್ಟದ ಮೇಲಿದೆ” ಅಂದಿದ್ದೆ.