ಮಣ್ಣು ಮತ್ತು ಹೊನ್ನು

ನಮ್ಮ ಮಾತಿನಲ್ಲಿ ಮಣ್ಣಿಗೆ ದೊರೆತಿರುವ ಸ್ಥಾನ ಬಹಳ ಕೆಳಗಿನದು. ಕೆಟ್ಟುಹೋದ ಕೆಲಸ ಮಣ್ಣುಪಾಲಾಯಿತು ಎನ್ನುತ್ತೇವೆ. ಮೋಸಗಾರನನ್ನು ಕಣ್ಣಿಗೆ ಮಣ್ಣೆರಚಿದವನೆಂದು ಬಯ್ಯುತ್ತೇವೆ. ಪಾಠ ತಲೆಗೆ ಹತ್ತದ ಹುಡುಗನಿಗೆ ತಲೆಯಲ್ಲಿ ಮಣ್ಣು ತುಂಬಿದೆಯೇ ಎಂದು ಕೇಳುವವರೂ ಉಂಟು. ಹೊನ್ನಿನ ಭಾಗ್ಯವೇ ಬೇರೆ. ಒಳ್ಳೆಯ ಮಗು ಚಿನ್ನದಂಥ ಮಗು, ಒಳ್ಳೆಯ ಬೆಳೆ ಬಂದರೆ ಬಂಗಾರದ ಬೆಳೆ. ಎರಡೂ ಭೂಮಿಯ ಒಡಲಿನಿಂದಲೇ ಬಂದವು. ಆದರೂ ಒಂದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ, ಇನ್ನೊಂದನ್ನು ಕಾಲಿನಿಂದ ಒರೆಸಿ ಒಳಗೆ ಬರುತ್ತೇವೆ. ಇವೆರಡೂ ಒಂದೇ ಬಟ್ಟಲಿನಲ್ಲಿ ಕೂಡಿದ್ದನ್ನು ನೋಡಿದ ಮೇಲೆ, ಬೆಲೆ ಎಂಬುದು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ನಾನು ಮಾಸ್ತರನಾಗಿ ಹಲವು ವರುಷ ಕಳೆದದ್ದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಬೆಳಗಾವಿಯಿಂದ ಜಾಂಬೋಟಿಯ ಮೇಲೆ ಹಾಯ್ದು ಚೋರ್ಲಾ ಘಟ್ಟವಿಳಿದು ಗೋವೆಗೆ ಹೋಗುವ ದಾರಿಯಲ್ಲಿರುವ, ಕಾಡು ಕವಿದ ಊರು ಅದು. ಮಳೆಗಾಲದಲ್ಲಿ ಅಲ್ಲಿ ಸೂರ್ಯನ ಮುಖ ಕಂಡರೆ ಮಕ್ಕಳು ಕೇಕೆ ಹಾಕುತ್ತಾರೆ. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಅಲ್ಲಿಂದ ಹೊರಟ ಹೊಳೆ ಖಾನಾಪುರವನ್ನು ದಾಟಿ, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು, ಪಟ್ಟದಕಲ್ಲು ಐಹೊಳೆಗಳ ಗುಡಿಗಳನ್ನು ನೋಡುತ್ತ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ಹೊಳೆಯ ದಂಡೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಇಲ್ಲಿಯ ಕೆಂಪು ಗಡಿಗೆಗಳು ಬೆಳಗಾವಿಯ ಪೇಟೆಗೆ ಬರುತ್ತವೆ, ಘಟ್ಟವಿಳಿದು ಗೋವೆಗೂ ಹೋಗುತ್ತವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿಗಾಗಿ ಒಂದು ಕೇಂದ್ರೀಯ ಸಂಸ್ಥೆಯನ್ನು ಈ ಊರಿನಲ್ಲಿ ಸ್ಥಾಪಿಸಿತೆಂದರೆ ಇಲ್ಲಿಯ ಮಣ್ಣಿನ ಗುಣವನ್ನೂ ಕೈಗಳ ಗುಣವನ್ನೂ ಬೇರೆ ಹೇಳಬೇಕಾಗಿಲ್ಲ.

ಗಡಿಗೆ ಹುಟ್ಟುವ ಬಗೆಯನ್ನು ನೀವು ನಿಂತು ನೋಡಿದ್ದೀರಾ? ಮಣ್ಣನ್ನು ಒಣಗಿಸಿ, ಕುಟ್ಟಿ, ಕಲ್ಲು ಕಸ ತೆಗೆದು ನೆನೆಹಾಕುತ್ತಾರೆ. ಅದನ್ನು ಕಾಲಿನಿಂದ ತುಳಿದು, ಕೈಯಿಂದ ನಾದಿ, ಹದಕ್ಕೆ ತರುತ್ತಾರೆ. ತಿರುಗುವ ತಿಗರಿಯ ನಡುವೆ ಮುದ್ದೆಯನ್ನಿಟ್ಟು ಕುಂಬಾರನು ಹೆಬ್ಬೆರಳನ್ನು ಒತ್ತಿದೊಡನೆ ಮಣ್ಣು ಬಾಯ್ದೆರೆಯುತ್ತದೆ. ಅರೆ ಒಣಗಿದ ಮೇಲೆ ಒಳಗೆ ಗುಂಡುಕಲ್ಲನ್ನು ಹಿಡಿದು, ಹೊರಗೆ ಮರದ ಹಲಗೆಯಿಂದ ಮೆಲ್ಲನೆ ತಟ್ಟುತ್ತ ಹೊಟ್ಟೆಯನ್ನು ಉಬ್ಬಿಸುತ್ತಾರೆ. ನೆರಳಿನಲ್ಲಿ ಒಣಗಿದ ಗಡಿಗೆಗಳು ಕೊನೆಗೆ ಆವಿಗೆಯ ಬೆಂಕಿಗೆ ಹೋಗುತ್ತವೆ. ಹಾಗೆ ಸುಟ್ಟ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಚೈತ್ರದ ಬಿಸಿಲಿನಲ್ಲಿ ನಮಗೆ ತಂಪು ನೀರು ದೊರೆಯುವುದು ಹೀಗೆ.

ನಮ್ಮ ಬಾಳಿನಲ್ಲಿ ಕುಂಬಾರನಿಲ್ಲದ ಗಳಿಗೆ ಯಾವುದು? ಮದುವೆಯ ಮನೆಗೆ ಐರಣಿ ಗಡಿಗೆಗಳು ಅವನ ಮನೆಯಿಂದ ಬರಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು, ಚವತಿಗೆ ಗಣಪ, ದೀಪಾವಳಿಗೆ ಹಣತೆ, ಕಡೆಯ ಪಯಣಕ್ಕೂ ಒಂದು ಮಡಕೆ. ಹರಿಹರನು ತನ್ನ ರಗಳೆಗಳಲ್ಲಿ ಒಂದನ್ನು ಕುಂಬಾರ ಗುಂಡಯ್ಯನಿಗೆ ಮೀಸಲಾಗಿಟ್ಟಿದ್ದಾನೆ. ಗುಂಡಯ್ಯನು ಮಡಕೆಯನ್ನು ತಟ್ಟಿದ ನಾದಕ್ಕೆ ಶಿವನೇ ಇಳಿದು ಬಂದು ಕುಣಿದನೆಂಬುದು ಅಲ್ಲಿಯ ಕಥೆ. ಕಾವ್ಯದಲ್ಲಿ ಇಷ್ಟು ಎತ್ತರಕ್ಕೇರಿದ ಕುಂಬಾರನು ಸಂತೆಯಲ್ಲಿ ಮಾತ್ರ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡಿಸಿಕೊಳ್ಳುತ್ತಾನೆ.

ಕೆಲವು ವರುಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಜಪಾನಿನ ಒಸಾಕಾ ನಗರದಿಂದ ರಜೆಗೆ ಬಂದಾಗ ನನಗೊಂದು ಚಹಾದ ಬಟ್ಟಲನ್ನು ತಂದುಕೊಟ್ಟನು. ಅದಕ್ಕೆ ಕಿವಿಯಿಲ್ಲ, ಬಸಿಯಿಲ್ಲ. ಎರಡು ಅಂಗೈಗಳನ್ನು ಜೋಡಿಸಿ ಹಿಡಿಯಬೇಕು. ಮೈ ಕಪ್ಪು, ಅಂಚು ಸ್ವಲ್ಪ ಅಂಕುಡೊಂಕು. ಒಂದು ಮಗ್ಗುಲಿಗೆ ಮಾತ್ರ, ಸಂಜೆಯ ಮೋಡದ ಅಂಚಿನಂತೆ, ಅಂಗೈಯಗಲ ಚಿನ್ನದ ರೇಕು. ಅದರ ಬೆಲೆ ಕೇಳಿ ನಾನು ಬೆರಗಾದೆ. ಈ ಬಟ್ಟಲನ್ನು ಬಲ್ಲವರಿಗೆ ತೋರಿಸಬೇಕೆನಿಸಿ ಖಾನಾಪುರದ ವೃದ್ಧ ಕುಂಬಾರರೊಬ್ಬರ ಬಳಿಗೆ ಒಯ್ದೆನು.

ಅವರು ಚಿನ್ನವನ್ನು ನೋಡಲೇ ಇಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬಳಿಕ ಬೋರಲು ಮಾಡಿ ತಳವನ್ನು ನೋಡಿದರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒಳಮೈಯನ್ನೆಲ್ಲ ಸವರಿದರು.

“ಇದು ತಿಗರಿ ಮ್ಯಾಲಿಂದಲ್ಲರಿ, ಮಾಸ್ತರ್ರ. ಬರೇ ಕೈಲೇ ಮಾಡ್ಯಾರ. ಇಲ್ಲಿ ಬಟ್ಟಿನ ಗುರುತು ಐತಿ ನೋಡ್ರಿ. ನಾವು ಅದನ್ನ ಅಳಸ್ತೀವಿ. ಅವರು ಉಳಿಸ್ಕೊಂಡಾರ.”

ಬಳಿಕ ಬೆಲೆ ಕೇಳಿದರು. ಹೇಳಿದೆನು. ಅವರ ಒಂದು ಆವಿಗೆಯ ಗಡಿಗೆಗಳನ್ನೆಲ್ಲ ಮಾರಿದರೂ ಅಷ್ಟು ಹಣ ಬರಲಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂಗಾರಕ್ಕೇನರಿ ಅಷ್ಟು?” ಎಂದರು.

ಇದು ವಿಚಾರ ಮಾಡತಕ್ಕ ಪ್ರಶ್ನೆ. ಜಪಾನಿನ ಚಿನ್ನದ ರೇಕಿನ ಬಹುಪಾಲು ತಯಾರಾಗುವುದು ಕನಾಜಾವಾ ನಗರದಲ್ಲಿ. ಅಲ್ಲಿಯ ರೇಕಿನ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಲೆಕ್ಕ ಮಾಡಿ ನೋಡಿದರೆ ಒಂದು ಗ್ರಾಂ ಚಿನ್ನದಿಂದ ಅರ್ಧ ಚದರ ಮೀಟರಿನಷ್ಟು ರೇಕು ಬರುತ್ತದೆ. ಹಾಗಾದರೆ ನನ್ನ ಬಟ್ಟಲಿನ ಅಂಗೈಯಗಲದ ರೇಕಿನಲ್ಲಿರುವ ಚಿನ್ನ ಒಂದು ಗ್ರಾಮಿನ ಐವತ್ತನೆಯ ಒಂದು ಪಾಲು. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕದಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಬೆಲೆಯಿರುವುದು ಚಿನ್ನದಲ್ಲಿ ಅಲ್ಲವೆಂಬುದು ಸ್ಪಷ್ಟ.

ಚಿನ್ನವನ್ನು ಕೂಡಿಸುವ ಕೌಶಲಕ್ಕೆ ಬೆಲೆಯುಂಟು, ನಿಜ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಗಟ್ಟಿ ಜಾತಿಯ ಪಿಂಗಾಣಿ ಬೇಯುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಬೆಂಕಿ ಬೇಕು. ಆದ್ದರಿಂದ ಮೊದಲು ಪಾತ್ರೆಯನ್ನು ಸುಟ್ಟು, ಆಮೇಲೆ ರೇಕನ್ನು ಅಂಟಿಸಿ, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಾರೆ. ರೇಕಿನ ಮೇಲೆ ಪಾರದರ್ಶಕವಾದ ಮೆರುಗನ್ನು ಹಾಕಿ ಚಿನ್ನವನ್ನು ಒಳಗೇ ಹುದುಗಿಸುವ ‘ಯೂರಿ ಕಿನ್ಸಾಯ್’ ಎಂಬ ವಿಧಾನವೂ ಉಂಟು. ಅದರಲ್ಲಿ ನಿಪುಣರಾದ ಯೋಶಿತಾ ಮಿನೋರಿ ಅವರನ್ನು 2001ರಲ್ಲಿ ಜಪಾನ್ ಸರಕಾರ ಗೌರವಿಸಿತು. ಅಂಥವರನ್ನು ಅಲ್ಲಿಯ ಜನ ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಕರೆಯುತ್ತಾರೆ.

ಆದರೆ ಚಿನ್ನವೇ ಇಲ್ಲದ ಬಟ್ಟಲುಗಳಿಗೆ ಆ ನಾಡಿನಲ್ಲಿ ಇನ್ನೂ ಹೆಚ್ಚಿನ ಗೌರವ! ಹದಿನಾರನೆಯ ಶತಮಾನದಲ್ಲಿ ಸೆನ್ ನೋ ರಿಕ್ಯೂ ಎಂಬ ಚಹಾಗುರು ಬಾಳಿದ್ದನು. ಅವನಿಗಾಗಿ ಚೋಜಿರೋ ಎಂಬ ಕುಶಲಕರ್ಮಿ ತಿಗರಿಯಿಲ್ಲದೆ ಕೈಯಿಂದಲೇ ತಿದ್ದಿ ಕಪ್ಪು ಬಟ್ಟಲುಗಳನ್ನು ಮಾಡಿಕೊಟ್ಟನು. ರಿಕ್ಯೂವಿನ ಒಡೆಯನಾದ ಹಿದೆಯೋಶಿ ಗೋಡೆಗಳಿಗೆಲ್ಲ ಚಿನ್ನದ ರೇಕು ಹೊದಿಸಿದ ಚಹಾದ ಕೋಣೆಯನ್ನು ಮಾಡಿಸಿ, 1586ರಲ್ಲಿ ಚಕ್ರವರ್ತಿಯ ಅರಮನೆಯಲ್ಲಿ ಮೆರೆಸಿದನು. ರಿಕ್ಯೂ ಎರಡು ಚಾಪೆಯಗಲದ ಕೋಣೆಯಲ್ಲಿ ಮಣ್ಣಿನ ಬಟ್ಟಲು ಹಿಡಿದು ಕುಳಿತನು. 1591ರಲ್ಲಿ ಒಡೆಯನ ಆಜ್ಞೆಯಂತೆ ರಿಕ್ಯೂ ಪ್ರಾಣತ್ಯಾಗ ಮಾಡಬೇಕಾಯಿತು. ಒಡೆಯನ ಚಿನ್ನದ ಕೋಣೆ ಉಳಿಯಲಿಲ್ಲ; ಚೋಜಿರೋನ ಬಟ್ಟಲುಗಳು ಇಂದಿಗೂ ಉಳಿದಿವೆ.

ಇನ್ನೊಂದು ಬಟ್ಟಲಿನ ಕಥೆ ಇದಕ್ಕಿಂತ ಸೋಜಿಗದ್ದು. ಕ್ಯೋಟೋ ನಗರದ ದೈತೊಕುಜಿ ಮಠದ ಆವರಣದಲ್ಲಿ ‘ಕಿಜಾಯೆಮೊನ್’ ಎಂಬ ಬಟ್ಟಲೊಂದಿದೆ. ಅದನ್ನು ಮಾಡಿದವನು ಹೆಸರು ತಿಳಿಯದ ಒಬ್ಬ ಕೊರಿಯಾದ ಕುಂಬಾರ. 1931ರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ ಯಾನಾಗಿ ಸೊಯೆತ್ಸು ಎಂಬ ಚಿಂತಕನು, ಇದು ಬಡವರು ದಿನನಿತ್ಯ ಉಣ್ಣುತ್ತಿದ್ದ ಸಾಮಾನ್ಯ ಬಟ್ಟಲೆಂದೂ ಆ ಸಾಮಾನ್ಯತೆಯೇ ಅದರ ಚೆಲುವೆಂದೂ ವಿವರಿಸಿದನು. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ. ಮಾಡಿದ ಕೈ ಒಂದು ದೇಶದ್ದು, ಕಂಡ ಕಣ್ಣು ಇನ್ನೊಂದು ದೇಶದ್ದು. ಎರಡೂ ಕೂಡಿದಾಗ ಬಟ್ಟಲಿಗೆ ಬೆಲೆ ಬಂತು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ನಿಮಗೆ ಗೊತ್ತಿದೆ. ದೊಣ್ಣೆಯ ನಿಮಿಷ ಕಳೆದ ಮೇಲೆ ನಾವು ಚೂರುಗಳನ್ನು ತಿಪ್ಪೆಗೆ ಎಸೆಯುತ್ತೇವೆ. ಜಪಾನಿನಲ್ಲಿ ಪ್ರೀತಿಯ ಬಟ್ಟಲು ಒಡೆದರೆ ಚೂರುಗಳನ್ನು ಒಂದು ಮರದ ಅಂಟಿನಿಂದ ಜೋಡಿಸಿ, ಬಿರುಕಿನ ಗೆರೆಯ ಮೇಲೆ ಚಿನ್ನದ ಪುಡಿಯನ್ನು ಉದುರಿಸುವ ಪದ್ಧತಿಯುಂಟು. ಅದಕ್ಕೆ ‘ಕಿಂತ್ಸುಗಿ’ ಎಂದು ಹೆಸರು. ಹೊನ್ನಿನ ಬೆಸುಗೆ ಎಂದರ್ಥ. ಆ ಅಂಟು ತೇವವಿರುವ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ಕೆಲಸ ಮುಗಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಒಡಕನ್ನು ಮುಚ್ಚುವುದಕ್ಕಲ್ಲ, ಅದನ್ನು ಒಪ್ಪಿಕೊಳ್ಳುವುದಕ್ಕೆ ಅಲ್ಲಿ ಚಿನ್ನ ಬಳಕೆಯಾಗುತ್ತದೆ.

ಇದನ್ನೆಲ್ಲ ನಾನು ಆ ಹಿರಿಯರಿಗೆ ಹೇಳಿದೆನು. ಅವರು ಆಸಕ್ತಿಯಿಂದ ಕೇಳಿ, ಬಟ್ಟಲನ್ನು ನನ್ನ ಕೈಗಿಟ್ಟರು. “ಚಲೋ ಮಂದಿ ಅವರು. ಆದರ ಬರೇ ಹೊಗಳಿದರ ಆವಿಗಿ ಉರಿಯೂದಿಲ್ಲರಿ. ಕಟಗಿ ಬೇಕು, ರೊಕ್ಕ ಬೇಕು. ನನ್ನ ಮಗ ಬೆಳಗಾವ್ಯಾಗ ಫೌಂಡ್ರಿಗೆ ಹೋಗ್ತಾನ. ಬ್ಯಾಡ ಅನ್ನಾಕ ನನಗ ಬಾಯಿಲ್ಲ,” ಎಂದರು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಪಾನಿನಲ್ಲಿಯೂ ಕುಶಲ ಕಲೆಗಳು ಬರಿಯ ಮೆಚ್ಚುಗೆಯಿಂದ ಉಳಿದವಲ್ಲ. 1950ರಲ್ಲಿ ಅಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನು ಬಂತು. 1955ರಿಂದ ಮಹಾಕುಶಲಿಗಳನ್ನು ಆರಿಸಿ, ಅವರ ವಿದ್ಯೆ ಮುಂದಿನವರಿಗೆ ಹರಿದುಬರುವಂತೆ ನೆರವು ಕೊಡಲಾಯಿತು. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಬಟ್ಟಲನ್ನು ಗುರುತಿಸಿ, ತಕ್ಕ ಬೆಲೆ ಕೊಟ್ಟು ಕೊಂಡು, ದಿನವೂ ಬಳಸುವ ಜನರಿದ್ದರು. ಅಲ್ಲಿ ಚಹಾ ಕುಡಿಯುವವನು ಬಟ್ಟಲನ್ನು ಎರಡು ಕೈಗಳಲ್ಲಿ ಎತ್ತಿ, ಅದರ ಚೆಂದದ ಮುಖಕ್ಕೆ ತುಟಿ ತಾಗದಂತೆ ತುಸು ತಿರುಗಿಸಿ ಕುಡಿಯುತ್ತಾನೆ. ಆ ನಡತೆಯಲ್ಲಿ ಕುಂಬಾರನಿಗೆ ಸಲ್ಲಿಸಿದ ವಂದನೆಯೂ ಅಡಗಿದೆಯೆಂದು ನನಗೆ ತೋರುತ್ತದೆ.

ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಪರೀಕ್ಷಿಸುವುದನ್ನು ನಾವು ಕಲಿತಿದ್ದೇವೆ. ಮಣ್ಣಿಗೆ ಒರೆಗಲ್ಲು ನೋಡುವವನ ಕಣ್ಣು, ಹಿಡಿಯುವವನ ಕೈ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮನೆಗೆ ತಂದಾಗ, ಪೂಜೆಗೆ ಮುನ್ನ ಒಮ್ಮೆ ಅವುಗಳ ಹೊಟ್ಟೆಯ ಕೆಳಗೆ ನೋಡಿರಿ. ಅಲ್ಲಿ ಯಾರದೋ ಹೆಬ್ಬೆರಳಿನ ಗುರುತು ಇದ್ದೀತು. ಆ ಬೆರಳಿನವರ ಹೆಸರೇನು, ಅವರ ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಕೇಳಿ ತಿಳಿಯಿರಿ. ಚೌಕಾಸಿ ಮಾಡದೆ ಹಣ ಕೊಡಿರಿ.