ಚಕ್ರದ ಮೇಲಿನ ಮನೆಗೆ ಹಿತ್ತಿಲಿಲ್ಲ

ಓದುಗರೇ, ರಜೆಯಲ್ಲಿ ನೀವೂ ಕುಟುಂಬದೊಂದಿಗೆ ಪ್ರವಾಸ ಹೋಗಿರಬಹುದು. ಹೋಗುವಾಗ ಏನೇನು ಕಟ್ಟಿಕೊಂಡು ಹೋದಿರಿ ಎಂದು ಕೇಳಿದರೆ ಒಂದೂ ಬಿಡದೆ ಹೇಳುವಿರಿ. ಮಕ್ಕಳ ಬಟ್ಟೆ, ಮಾತ್ರೆ, ಉಪ್ಪಿನಕಾಯಿ, ನಮಾಝಿನ ಚಾಪೆ, ಥರ್ಮಾಸು. ಆದರೆ ದಾರಿಯಲ್ಲಿ ತಿಂದು ಕುಡಿದು ಉಳಿದದ್ದನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ಕೇಳಿದರೆ? ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಮನೆಯಲ್ಲಾದರೆ ಹಿತ್ತಿಲಿದೆ, ತೆಂಗಿನ ಬುಡವಿದೆ. ದಾರಿಯಲ್ಲಿ ಕಿಟಕಿ ಮಾತ್ರ ಇರುತ್ತದೆ.

2025ರ ಡಿಸೆಂಬರ್ ರಜೆಯಲ್ಲಿ ನಾವು ಮಂಗಳೂರಿನಿಂದ ಜೋಗದವರೆಗೆ ಹೋದದ್ದು ಸಾಮಾನ್ಯ ವಾಹನದಲ್ಲಲ್ಲ. ಗಲ್ಫ್‌ನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದ ನನ್ನ ಮೈದುನ ಪರಿಚಯದವರೊಬ್ಬರಿಂದ ಒಂದು ಕ್ಯಾರವಾನ್ ಬಾಡಿಗೆಗೆ ತಂದಿದ್ದ. ಟೆಂಪೋ ಟ್ರಾವೆಲ್ಲರ್‌ನ ಒಳಗೇ ಮಂಚ, ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಪಾತ್ರೆ ತೊಳೆಯುವ ಸಿಂಕ್, ಮೂಲೆಯಲ್ಲಿ ಬಾಗಿಲಿರುವ ಶೌಚಾಲಯ. ಪಕ್ಕದ ಕೇರಳ ಸರಕಾರ 2021ರಲ್ಲಿಯೇ 'ಕೆರವಾನ್ ಕೇರಳ' ಎಂಬ ಹೆಸರಿನಲ್ಲಿ ಇಂತಹ ಗಾಡಿಗಳ ಪ್ರವಾಸಕ್ಕೆ ಯೋಜನೆ ಪ್ರಕಟಿಸಿತ್ತು. ಇಂತಹ ಗಾಡಿ ಈಗ ನಮ್ಮ ಕಡೆಯೂ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ.

ನಮ್ಮಂತಹ ಮನೆಗಳ ಹೆಂಗಸರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಶೌಚಕ್ಕೆ ಜಾಗ ಸಿಗುವುದಿಲ್ಲವೆಂಬ ಹೆದರಿಕೆಯಿಂದ ಬೆಳಗ್ಗಿನಿಂದಲೇ ನೀರು ಕುಡಿಯದೆ ಪ್ರಯಾಣ ಮಾಡುವ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ನನ್ನ ಅತ್ತೆ, ನಾವೆಲ್ಲ ಮಾಮಿ ಎಂದು ಕರೆಯುವವರು, ಎಪ್ಪತ್ತು ದಾಟಿದವರು. ಈ ಒಂದು ಕಾರಣಕ್ಕಾಗಿಯೇ ಅವರು ಹತ್ತು ವರ್ಷದಿಂದ ಉಡುಪಿಯಾಚೆ ಹೋಗಿರಲಿಲ್ಲ. ನಮಾಝಿಗೂ ಹೆಂಗಸರಿಗೆ ಸ್ಥಳವಿರುವ ಮಸೀದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಾಡಿ ನಿಂತಲ್ಲೇ ಒಳಗೆ ಚಾಪೆ ಹಾಸಿದರಾಯಿತು. (ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. "ಅತ್ತಿಗೆಯವರಿಗೆ ಈ ಸಲ ಪೂರ್ತಿ ವಿಶ್ರಾಂತಿ" ಎಂದಿದ್ದ ಮೈದುನ, ಒಲೆ ಹತ್ತಿರವೇ ಇದೆಯೆಂದು ಗಾಡಿ ನಿಂತಲ್ಲೆಲ್ಲ ಚಹಾ ಕೇಳುತ್ತಿದ್ದ!)

ನೂರು ಲೀಟರಿನ ಟ್ಯಾಂಕು, ಎಂಟು ಜನ. ಮೊದಲ ದಿನ ಮಲ್ಪೆ ತಲುಪುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಮಾಮಿ ಒಂದು ಸಣ್ಣ ಚೊಂಬು ಎತ್ತಿಟ್ಟುಕೊಂಡರು. ಪ್ರವಾದಿಯವರು(ಸ) ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ನಾವೆಲ್ಲ ಮದ್ರಸದಲ್ಲಿ ಕಲಿತದ್ದೇ. ಈಗಿನ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರಿನ ಹತ್ತಿರ. ಮನೆಯಲ್ಲಿ ನಳ್ಳಿ ತಿರುಗಿಸಿ ನಿಂತರೆ ಆ ಪಾಠ ನೆನಪಾಗುವುದಿಲ್ಲ. ಗಾಡಿಯಲ್ಲಿ ಎಲ್ಲರಿಗೂ ನೆನಪಾಯಿತು. ನನ್ನ ಹತ್ತು ವರ್ಷದ ಮಗ ಅಜ್ಜಿಯ ಚೊಂಬಿನಲ್ಲಿ ವುಝೂ ಮುಗಿಸಿ ಉಳಿದ ನೀರನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದ.

ಸಿಂಕಿನ ಕೆಳಗೆ ಬಗ್ಗಿ ನೋಡಿ "ಈ ನೀರು ಎಲ್ಲಿಗೆ ಹೋಗುತ್ತದೆ ಮಗಾ?" ಎಂದು ಮೊದಲು ಕೇಳಿದವರು ಕೂಡಾ ಮಾಮಿಯೇ. ಪಾತ್ರೆ ತೊಳೆದ ನೀರು ಗಾಡಿಯ ಅಡಿಯ ಒಂದು ಡಬ್ಬಿಗೆ, ಶೌಚಾಲಯದ್ದು ಇನ್ನೊಂದು ಪೆಟ್ಟಿಗೆಗೆ ಎಂದು ಮೈದುನ ವಿವರಿಸಿದ. ತುಂಬಿದ ಮೇಲೆ? ಯುರೋಪಿನಂತಹ ಕಡೆ ಕ್ಯಾರವಾನ್ ನಿಲ್ಲುವ ಮೈದಾನಗಳಲ್ಲಿ ಅದನ್ನು ಸುರಿಯಲೆಂದೇ ಕಟ್ಟಿದ ಗುಂಡಿಗಳಿರುತ್ತವೆ. ನಮ್ಮ ದಾರಿಯಲ್ಲಿ ಅಂಥದ್ದೊಂದು ನಮಗೆ ಸಿಗಲಿಲ್ಲ. ಎರಡನೆಯ ದಿನ ಕುಂದಾಪುರದ ನೆಂಟರ ಮನೆಯ ಶೌಚಾಲಯದಲ್ಲಿ, ಅವರ ಒಪ್ಪಿಗೆ ಕೇಳಿ, ಮೈದುನನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾಲಿ ಮಾಡಿ ತೊಳೆದ. ಆ ಕೆಲಸವನ್ನು ಹೆಂಗಸರ ಪಾಲಿಗೆ ಬಿಡದೆ ತಾನೇ ಮಾಡಿದ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಉಳಿದದ್ದು ಕಸದ ಚೀಲ. ಅದನ್ನೂ ಅಲ್ಲೇ ಬಿಡೋಣವೆಂದರೆ ಮಾಮಿ ಸುತಾರಾಂ ಒಪ್ಪಲಿಲ್ಲ. "ನೆಂಟರ ಮನೆಗೆ ಹಣ್ಣು ಹಿಡಿದುಕೊಂಡು ಹೋಗುವುದನ್ನು ಕೇಳಿದ್ದೇನೆ, ಕಸ ಹಿಡಿದುಕೊಂಡು ಹೋಗುವುದನ್ನು ಕೇಳಿಲ್ಲ. ಶೌಚಾಲಯದ್ದು ಅವರ ತಲೆಗೆ ಹಾಕಿದ್ದೇ ಹೆಚ್ಚಾಯಿತು" ಎಂದರು. ಹಾಗೆ ಮೂರನೆಯ ದಿನವೂ ಚೀಲ ನಮ್ಮ ಜೊತೆಗೇ ಹೊರಟಿತು. ಎರಡು ಚೀಲವಾಗಿತ್ತು ಆಗ. ಓರಗಿತ್ತಿಯ ಹತ್ತು ತಿಂಗಳ ಮಗುವಿನ ಡೈಪರುಗಳು, ಮೀನಿನ ಮುಳ್ಳು, ಬಿಸ್ಕತ್ತಿನ ಹೊದಿಕೆ, ನೀರಿನ ಬಾಟಲಿ, ಕಿತ್ತಳೆ ಸಿಪ್ಪೆ ಎಲ್ಲ ಒಟ್ಟಿಗೆ.

ಮರವಂತೆಯನ್ನು ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ರಾಷ್ಟ್ರೀಯ ಹೆದ್ದಾರಿ 66ರ (ಹಿಂದೆ ಇದೇ 17 ಆಗಿತ್ತು) ಒಂದು ಬದಿಗೆ ಅರಬ್ಬೀ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಎಡಕ್ಕೆ ತೆರೆಯ ಅಬ್ಬರ, ಬಲಕ್ಕೆ ಅಲ್ಲಾಡದ ನೀರಿನಲ್ಲಿ ತೆಂಗಿನ ಮರಗಳ ನೆರಳು. ಮಾಮಿ ಬಹಳ ಹೊತ್ತು ಏನೂ ಮಾತನಾಡದೆ ಕುಳಿತಿದ್ದರು. ಅಸರ್ ನಮಾಝಿನ ನಂತರ ಇಳಿದು ನಡೆದೆವು. ಅಷ್ಟು ಚಂದದ ಜಾಗದಲ್ಲಿ ಬಂಡೆಗಳ ಸಂದಿನಲ್ಲಿ ಪ್ಲಾಸ್ಟಿಕ್ ತಟ್ಟೆ, ಎಳನೀರಿನ ಕೊಳವೆ, ಬಾಟಲಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆಗಳಿಗೆ 2016ರಲ್ಲಿಯೇ ನಿಷೇಧ ಬಂದಿತ್ತು. ಒಂದು ಸಲ ಬಳಸಿ ಎಸೆಯುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಬಂಡೆಗಳ ಸಂದಿಗೆ ಆ ಆದೇಶ ಇನ್ನೂ ತಲುಪಿದಂತಿಲ್ಲ.

ಇದೇ ಕರಾವಳಿಯ ಕುಂದಾಪುರದ ಕೋಡಿ ತೀರಕ್ಕೆ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನೀರಿನಲ್ಲಿ ತೇಲುವ ತೆಳು ಪ್ಲಾಸ್ಟಿಕ್ ಚೀಲ ಆಮೆಯ ಕಣ್ಣಿಗೆ ಅಂಬಲಿ ಮೀನಿನಂತೆ ಕಾಣುತ್ತದಂತೆ. ತಿಂದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಗೊಳ್ಳಿಯ ಮೀನುಗಾರರ ಬಲೆಗೆ ಮೀನಿನ ಜೊತೆ ಕಸವೂ ಬರುತ್ತದೆ. ಅದರಲ್ಲಿ ಕಡಲಿಗೇ ಎಸೆದದ್ದು ಎಷ್ಟೋ, ಮೇಲಿನ ಹಳ್ಳಿಗಳಿಂದ ಹೊಳೆಯಲ್ಲಿ ಇಳಿದು ಬಂದದ್ದೂ ಅಷ್ಟೇ ಇರಬಹುದು. ಐದು ನದಿಗಳು ಕೂಡಿದ ಪಂಚಗಂಗಾವಳಿ ಗಂಗೊಳ್ಳಿಯ ಅಳಿವೆಯಲ್ಲಿಯೇ ತಾನೇ ಕಡಲು ಸೇರುವುದು?

ಕತ್ತಲಾಗುತ್ತಿತ್ತು. ಮೈದುನ ಎರಡೂ ಚೀಲ ಕೈಯಲ್ಲಿ ಹಿಡಿದು ರಸ್ತೆ ಬದಿಯ ಒಂದು ರಾಶಿಯ ಕಡೆ ನಡೆದ. "ಇಲ್ಲಿ ಮೊದಲೇ ಇದೆಯಲ್ಲ, ನಮ್ಮದೂ ಇರಲಿ. ನಾಳೆ ಯಾರಾದರೂ ತೆಗೆಯುತ್ತಾರೆ" ಎಂದ. ನನಗೂ ಓರಗಿತ್ತಿಗೂ ಆ ವಾಸನೆ ಸಾಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಿಟಕಿಯಿಂದಲೇ ಮಾಮಿ ಕೇಳಿದರು, "ಒಬ್ಬ ಉಗುಳಿದ ಜಾಗದಲ್ಲಿ ನೀನೂ ಉಗುಳುತ್ತೀಯಾ? ಆ 'ಯಾರಾದರೂ' ಯಾರು?"

ದಾರಿಯಿಂದ ಮುಳ್ಳು ತೆಗೆಯುವುದೂ ಈಮಾನಿನ ಒಂದು ಭಾಗವೆಂದು ಭಾಷಣದಲ್ಲಿ ಕೇಳುತ್ತೇವೆ. ಮಾಮಿ ಆ ಮಾತನ್ನೇನೂ ಎತ್ತಲಿಲ್ಲ. ಅವರು ಕೇಳಿದ್ದು ಸಾದಾ ಪ್ರಶ್ನೆ, ಯಾರು ಎಂದು. ಮೈದುನ ಚೀಲಗಳೊಂದಿಗೆ ಹಿಂತಿರುಗಿದ.

ಆ ರಾತ್ರಿ ನಾವು ನಿಲ್ಲಬೇಕಾಗಿದ್ದುದು ವಂಡ್ಸೆಯ ಹತ್ತಿರ, ನನ್ನ ಪತಿಯ ಹಳೆಯ ಸಹೋದ್ಯೋಗಿಯೊಬ್ಬರ ಅಂಗಳದಲ್ಲಿ. ಮರವಂತೆಯಿಂದ ಹೆಮ್ಮಾಡಿಗೆ ಹಿಂದೆ ಬಂದು, ಹೆದ್ದಾರಿ ಬಿಟ್ಟು ಕೊಲ್ಲೂರು ರಸ್ತೆ ಹಿಡಿದರೆ ವಂಡ್ಸೆ ಸಿಗುತ್ತದೆ. ಹೆಮ್ಮಾಡಿಯೆಂದರೆ ಸೇವಂತಿಗೆಯ ಊರು. ಜನವರಿಯ ಮಾರಣಕಟ್ಟೆ ಜಾತ್ರೆಗೆ ಇಲ್ಲಿಂದಲೇ ಹಳದಿ ಹೂವಿನ ರಾಶಿ ಹೋಗುತ್ತದೆ. ವಂಡ್ಸೆ ಕಡಲಿಗೆ ಹತ್ತಿರವಿದ್ದೂ ಕಡಲು ಕಾಣದ ಊರು. ತೆಂಗು, ಅಡಿಕೆ, ಗದ್ದೆ, ಒಂದು ಸಣ್ಣ ಪೇಟೆ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ಬಸ್ಸುಗಳು ಈ ಪೇಟೆಯ ಮೂಲಕ ಹೋಗುತ್ತವೆ.

ಮನೆಯವರು ರಾತ್ರಿ ಕೊಚ್ಚಕ್ಕಿ ಗಂಜಿ, ಚಟ್ನಿ ಕೊಟ್ಟರು. ಆ ಮನೆಯ ಅಜ್ಜಿ, ಮಾಮಿ ಇಬ್ಬರೂ ಮಂಡಿನೋವಿನ ವಿಷಯದಲ್ಲಿ ಒಂದೇ ಗಳಿಗೆಯಲ್ಲಿ ಗೆಳತಿಯರಾದರು. ಬೆಳಗ್ಗೆ ಏಳೂವರೆಗೆ ಪಂಚಾಯತಿನ ಕಸದ ಗಾಡಿ ಬಂತು.

ಗಾಡಿ ಓಡಿಸುತ್ತಿದ್ದದ್ದು ಒಬ್ಬಳು ಹೆಣ್ಣುಮಗಳು. ಮೂವತ್ತೈದರ ಆಸುಪಾಸು, ಸೀರೆಯ ಮೇಲೆ ಕೋಟು, ಕೈಗವಸು. ನಿಮ್ಮ ಊರಿನಲ್ಲೂ ಈಗ ಕಂಡಿರುವಿರಿ. ಗ್ರಾಮ ಪಂಚಾಯತಿಗಳ 'ಸ್ವಚ್ಛ ವಾಹಿನಿ' ಗಾಡಿಗಳನ್ನು ಓಡಿಸಲು ಸ್ವಸಹಾಯ ಸಂಘಗಳ ಹೆಂಗಸರಿಗೆ ತರಬೇತಿ ಕೊಟ್ಟು ಲೈಸೆನ್ಸ್ ಮಾಡಿಸಿದ್ದಾರೆ. ಮೈದುನ ಓಡಿಹೋಗಿ ಎರಡೂ ಚೀಲ ಅವಳ ಮುಂದಿಟ್ಟ. ಅವಳು ಒಂದರ ಬಾಯಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ನನ್ನ ಕಡೆ ತಿರುಗಿದಳು.

"ಇದನ್ನ್ ಹೀಂಗೇ ಕೊಟ್ರೆ ನಾವ್ ಅಲ್ ಕೂಕಂಡ್ ಕೈಯಗೆ ಬೇರೆ ಮಾಡ್ಕ್ ಅಕ್ಕ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಪಕ್ಕದ ಎರಡು ಮನೆ ಮುಗಿಸಿ ಬರುತ್ತೇನೆ, ಅಷ್ಟರಲ್ಲಿ ಬೇರೆ ಮಾಡಿಡಿ ಎಂದು ಮುಂದೆ ಹೋದಳು.

ವಂಡ್ಸೆ ಪಂಚಾಯತಿನ ಹೆಸರು ಈ ವಿಷಯದಲ್ಲಿ ಸುತ್ತಮುತ್ತ ಪರಿಚಿತ. ಇಲ್ಲಿ ಹಳ್ಳಿಯ ಕಸಕ್ಕೆಂದೇ ಘಟಕವೊಂದನ್ನು ಕಟ್ಟಿದಾಗ ದೂರದೂರಿನ ಪಂಚಾಯತಿನವರೂ ನೋಡಿ ಕಲಿಯಲು ಬಂದಿದ್ದರು. ಘಟಕದ ಹೆಸರಿನಲ್ಲಿ ಕಸ ಎಂಬ ಶಬ್ದವೇ ಇಲ್ಲ. ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ ಎಂದು ಹೆಸರು. ಹಸಿ ಕಸ ಗೊಬ್ಬರವಾಗುತ್ತದೆ. ಒಣ ಕಸವನ್ನು ಕಾಗದ, ರಟ್ಟು, ಬಾಟಲಿ, ಗಾಜು, ತಗಡು ಎಂದು ವಿಂಗಡಿಸಿದರೆ ಕೊಳ್ಳುವವರಿರುತ್ತಾರೆ. ನಮ್ಮ ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯತುಗಳ ಒಣ ಕಸ ತಂದು ವಿಂಗಡಿಸಲು ದಿನಕ್ಕೆ 10 ಟನ್ ಸಾಮರ್ಥ್ಯದ ದೊಡ್ಡ ಕೇಂದ್ರವೇ ಇದೆ. ಆದರೆ ಮೀನಿನ ಸಾರು ತಾಗಿದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ಡೈಪರ್ ಸೇರಿದ ತರಕಾರಿ ಸಿಪ್ಪೆ ಗೊಬ್ಬರವಾಗುವುದಿಲ್ಲ. ಬೆರೆತ ಮೇಲೆ ಎರಡೂ ಹಾಳು. ಅದನ್ನು ಬಿಡಿಸುವ ಯಂತ್ರವೆಂದರೆ ಕಡೆಗೂ ಒಂದು ಕೈ, ಹೆಚ್ಚಿನ ಕಡೆ ಅದು ಹೆಂಗಸಿನ ಕೈ.

ಅಂಗಳದ ಮೂಲೆಯಲ್ಲಿ ಹಳೆಯ ಗೋಣಿ ಹಾಸಿ ಚೀಲ ಸುರಿದೆವು. ಮೈದುನ, ನನ್ನ ಪತಿ, ನಾವಿಬ್ಬರು ಓರಗಿತ್ತಿಯರು. ಮಾಮಿ ಕುರ್ಚಿ ಹಾಕಿಸಿಕೊಂಡು ಕುಳಿತರು, ಉಸ್ತುವಾರಿಗೆ! ಮೂರು ದಿನದ ನಮ್ಮ ಊಟ, ತಿಂಡಿ ಎಲ್ಲ ಅಲ್ಲಿ ಬಿದ್ದಿತ್ತು. ಬಾಟಲಿಗಳೇ ಇಪ್ಪತ್ತಮೂರು. ಗಾಡಿಯಲ್ಲಿ ಕುಡಿಯುವ ನೀರಿನ ದೊಡ್ಡ ಕ್ಯಾನ್ ಇದ್ದೂ ಇಪ್ಪತ್ತಮೂರು.

ಸಹೋದರಿಯರೇ, ಈಗ ಹೇಳುವ ವಿಷಯವನ್ನು ನಾವು ಪರಸ್ಪರ ಮಾತನಾಡುವುದೇ ಕಡಿಮೆ. ಆ ಚೀಲದ ತಳದಲ್ಲಿ ಕಪ್ಪು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಗಂಟು ಹಾಕಿದ ಎರಡು ಸಣ್ಣ ಕಟ್ಟುಗಳಿದ್ದವು. ಏನೆಂದು ನಿಮಗೆ ಗೊತ್ತು. ಓರಗಿತ್ತಿ ಮುಖ ಕೆಂಪಗೆ ಮಾಡಿಕೊಂಡು ಅವನ್ನು ಬೇಗ ಸೆರಗಿನೊಳಗೆ ಎಳೆದುಕೊಂಡಳು. ಗಂಡಸರು ಅತ್ತ ತಿರುಗಿ ಬಾಟಲಿ ಎಣಿಸತೊಡಗಿದರು. ನಾವೆಲ್ಲ ಮನೆಯಲ್ಲೂ ಹೀಗೆಯೇ ಮಾಡುತ್ತೇವಲ್ಲ? ಯಾರ ಕಣ್ಣಿಗೂ ಬೀಳಬಾರದೆಂದು ಕಪ್ಪು ಚೀಲದಲ್ಲಿ ಕಟ್ಟಿ, ಇತರ ಕಸದ ನಡುವೆ ತುರುಕಿ ಕಣ್ಣು ತಪ್ಪಿಸುತ್ತೇವೆ. ನಮ್ಮ ನಾಚಿಕೆ ಅಲ್ಲಿಗೆ ಮುಗಿಯಿತೆಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಒಳಗೆ ಏನಿದೆಯೆಂದು ತಿಳಿಯದ ಆ ಕಪ್ಪು ಗಂಟನ್ನು ಘಟಕದಲ್ಲಿ ಕುಳಿತ ಇನ್ನೊಬ್ಬ ಹೆಂಗಸು ತನ್ನ ಕೈಯಿಂದ ಬಿಚ್ಚಬೇಕು. ಅವಳಿಗೂ ಮನೆಯಿದೆ, ಮಕ್ಕಳಿದ್ದಾರೆ, ಮಧ್ಯಾಹ್ನ ಅದೇ ಕೈಯಲ್ಲಿ ಊಟ ಮಾಡಬೇಕು. ಅವಳಿಗಿಲ್ಲವೇ ನಾಚಿಕೆ?

ಪ್ಯಾಡ್ ಮತ್ತು ಡೈಪರನ್ನು ಸರಿಯಾದ ಹೊದಿಕೆಯಲ್ಲಿ ಭದ್ರವಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಹೇಳಿತ್ತು. ಸುತ್ತಲು ಬೇಕಾದ ಹೊದಿಕೆಯನ್ನು ಪೊಟ್ಟಣದೊಂದಿಗೆ ಕೊಡಬೇಕೆಂದು ತಯಾರಿಸುವ ಕಂಪೆನಿಗಳಿಗೂ ಸೂಚಿಸಿತ್ತು. ಹೊದಿಕೆ ಇಲ್ಲದಿದ್ದರೆ ಹಳೆಯ ಪತ್ರಿಕೆ ಸಾಕು. ಮೇಲೊಂದು ಕೆಂಪು ಪೆನ್ನಿನ ಗುರುತು ಹಾಕಿದರೆ ಬಿಚ್ಚಬೇಕಾದವಳಿಗೆ ಬಿಚ್ಚದೆಯೇ ತಿಳಿಯುತ್ತದೆ. ಓರಗಿತ್ತಿ ಮಗನ ಚಿತ್ರದ ಡಬ್ಬಿಯಿಂದ ಕೆಂಪು ಸ್ಕೆಚ್ ಪೆನ್ನು ತರಿಸಿದಳು. ಡೈಪರುಗಳು ಹನ್ನೊಂದು, ಆ ಎರಡು ಕಟ್ಟುಗಳು. ಒಂದೊಂದನ್ನೂ ಸುತ್ತಿ ಗುರುತು ಹಾಕುವಷ್ಟರಲ್ಲಿ ಅವಳ ಮುಖದ ಕೆಂಪು ಇಳಿದಿತ್ತು.

ಗಾಡಿ ತಿರುಗಿ ಬಂದಾಗ ಮೂರು ಚೀಲ ಸಿದ್ಧವಾಗಿತ್ತು. ಸಿಪ್ಪೆ ಮುಳ್ಳುಗಳನ್ನು ಮನೆಯವರು ತಮ್ಮ ಗೊಬ್ಬರದ ಗುಂಡಿಗೇ ಹಾಕಿಸಿಕೊಂಡಿದ್ದರು. ಅವಳು ಕೆಂಪು ಗುರುತುಗಳನ್ನು ನೋಡಿ ನನ್ನನ್ನೊಮ್ಮೆ, ಓರಗಿತ್ತಿಯನ್ನೊಮ್ಮೆ ನೋಡಿದಳು. ಏನೂ ಹೇಳಲಿಲ್ಲ. ಕೈಗವಸು ಬಿಚ್ಚಿ, ಮಾಮಿ ನೀಡಿದ ಚಹಾ ತೆಗೆದುಕೊಂಡಳು. ತಿಂಗಳ ಸಂಬಳ, ಮಕ್ಕಳ ಶಾಲೆ ಎಲ್ಲವನ್ನೂ ಮಾಮಿ ಎರಡು ನಿಮಿಷದಲ್ಲಿ ಕೇಳಿ ಮುಗಿಸಿದರು. ಲೈಸೆನ್ಸ್ ಮಾಡಿಸುವಾಗ ಮನೆಯಲ್ಲಿ ಒಪ್ಪಿದರೇ ಎಂದೂ ಕೇಳಿದರು. ಅವಳು ನಕ್ಕು, ಮೊದಲು ಒಪ್ಪಲಿಲ್ಲ, ಈಗ ನೆರೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಾತ್ರಿ ಎಬ್ಬಿಸುವುದು ತನ್ನನ್ನೇ ಎಂದಳು.

ಅಲ್ಲಿಂದ ನಾವು ಕೊಲ್ಲೂರು ದಾಟಿ ಘಟ್ಟ ಹತ್ತಿ, ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ತೆರೆದ ಸಿಗಂದೂರು ಸೇತುವೆಯ ಮೇಲೆ ಸಾಗರಕ್ಕೆ ಹೋದೆವು. ಮುಂದಿನ ಮೂರು ದಿನ ಗಾಡಿಯ ಬಾಗಿಲ ಹಿಂದೆ ಮೂರು ಚೀಲ ನೇತಾಡುತ್ತಿದ್ದವು. ಮೈದುನ ಹೊಸ ಬಾಟಲಿ ಕೊಳ್ಳಲು ಹೊರಟರೆ ನನ್ನ ಮಗ "ಇಪ್ಪತ್ತನಾಲ್ಕು" ಎಂದು ಕೂಗುತ್ತಿದ್ದ.

ಹೊರಡುವ ಮೊದಲು ಆ ಹೆಣ್ಣುಮಗಳು ಕ್ಯಾರವಾನ್‌ನ ಒಳಗೆ ನೋಡಬಹುದೇ ಎಂದು ಕೇಳಿದ್ದಳು. ಒಲೆ, ಮಂಚ, ಫ್ರಿಜ್ ಎಲ್ಲವನ್ನೂ ಓರಗಿತ್ತಿ ತೋರಿಸಿದಳು. ಅದ್ಯಾವುದರಲ್ಲೂ ಅವಳಿಗೆ ಅಷ್ಟು ಆಸಕ್ತಿ ಕಾಣಲಿಲ್ಲ. ನೇರ ಮುಂದೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಸ್ವಲ್ಪ ತಿರುಗಿಸಿ ನೋಡಿದಳು.

"ನಮ್ಮ ಗಾಡಿಗಿಂತ ಹಗುರ್ ಇತ್ತ್ ಕಾಣಿ" ಎಂದಳು.